ಹದಿನೈದು ನಿಮಿಷದ ತೋಟ

ಫಲಕ ಬರೆದವರು ಯಾರೋ, ಅದನ್ನು ನಿಜ ಮಾಡುವ ಹಣೆಬರಹ ಮಾತ್ರ ಅವನದಾಗಿತ್ತು.

ಹಸಿರು ಹಲಗೆಯ ಮೇಲೆ ಬಿಳಿ ಅಕ್ಷರದಲ್ಲಿ ಹೀಗಿತ್ತು: ‘ಬಿಡುವಿಲ್ಲದವರ ತೋಟ. ವಾರಕ್ಕೆ ಹದಿನೈದು ನಿಮಿಷ ಸಾಕು. ನಿಮ್ಮ ಮನೆಯಂಗಳದಲ್ಲೂ ಮಾಡಿ ನೋಡಿ.’ ಬಡಾವಣೆಯ ಜನರೇ ಸೇರಿ ಬೆಳೆಸಿದ ವೃಕ್ಷವನದಲ್ಲಿ ಇಂಥ ಮಾದರಿ ತೋಟಗಳು ಏಳಿದ್ದವು. ದೊಡ್ಡ ಮರಗಳ ನಡುವಿನ ಕಾಲುದಾರಿಯ ಎರಡೂ ಬದಿಗೆ, ಒಂದೊಂದೂ ಒಂದು ಮನೆಯ ಅಂಗಳದಷ್ಟು. ಗುಲಾಬಿಗೊಂದು, ಚಿಟ್ಟೆಗೊಂದು, ನೆರಳಲ್ಲೇ ಸುಖವಾಗಿರುವ ಗಿಡಗಳಿಗೊಂದು, ಕಣ್ಣು ಮುಚ್ಚಿಕೊಂಡು ಮೂಗಿನಿಂದ ನೋಡಬೇಕಾದ ಪರಿಮಳದ ತೋಟ ಇನ್ನೊಂದು. ಜನ ಬಂದು ನೋಡಿ, ತಮ್ಮ ಮನೆಗೆ ಯಾವುದು ಹೊಂದುತ್ತದೆ ಎಂದು ತೀರ್ಮಾನಿಸಿಕೊಂಡು ಹೋಗಬೇಕು. ಬಿಡುವಿಲ್ಲದವರ ತೋಟವನ್ನು ಮಾತ್ರ ಆ ಹೆಸರಿನಿಂದ ಯಾರೂ ಕರೆಯುತ್ತಿರಲಿಲ್ಲ. ಅದು ಸೋಮಾರಿ ತೋಟ. ಅದನ್ನು ನೋಡಿಕೊಳ್ಳುವ ಮಾಲಿ, ಸೋಮಾರಿ.

ಇಡೀ ವೃಕ್ಷವನದಲ್ಲಿ ಸೋಮಾರಿಯಷ್ಟು ದುಡಿಯುವ ಜೀವ ಇನ್ನೊಂದಿರಲಿಲ್ಲ, ಇರುವೆಗಳನ್ನು ಬಿಟ್ಟರೆ.

ಮೂರು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ಮೊದಲ ಸೋಮವಾರ, ಅವನು ಫಲಕವನ್ನು ನಂಬಿ ಸರಿಯಾಗಿ ಹದಿನೈದು ನಿಮಿಷ ಕೆಲಸ ಮಾಡಿ ಕೈ ತೊಳೆದುಕೊಂಡಿದ್ದ. ಹದಿನಾರನೆಯ ನಿಮಿಷದಲ್ಲಿ ಒಂದು ಹುಲ್ಲುಕಡ್ಡಿ ಕಂಡಿತು. ಕಿತ್ತ. ಅದರ ಪಕ್ಕದಲ್ಲಿ ಇನ್ನೊಂದು. ತಲೆ ಎತ್ತಿದಾಗ ಸಂಜೆಯಾಗಿತ್ತು. ಫಲಕ ಶುದ್ಧ ಸುಳ್ಳು ಎಂದು ಅವನಿಗೆ ಅಂದೇ ಅರ್ಥವಾಯಿತು. ಆದರೆ ಅನ್ನ ಕೊಡುವ ಸಂಸ್ಥೆ ಸುಳ್ಳು ಬರೆದಿದೆ ಎಂದು ಊರಿಗೆಲ್ಲ ಸಾರುವುದಾದರೂ ಹೇಗೆ? ಹಾಗಾಗಿ ಗೇಟು ತೆರೆಯುವ ಮೂರು ಗಂಟೆ ಮೊದಲೇ ಬಂದು ಬೆನ್ನು ಬಗ್ಗಿಸತೊಡಗಿದ. ಗೇಟು ತೆರೆದ ಮೇಲೆ ಕಳ್ಳತನದಿಂದ. ಕುಡುಗೋಲು ಅಂಗಿಯೊಳಗೆ, ಕತ್ತರಿ ಟೋಪಿಯೊಳಗೆ, ನೀರಿನ ಪೈಪು ತರಗೆಲೆಯ ಕೆಳಗೆ. ಯಾರಾದರೂ ಬಂದರೆ ಥಟ್ಟನೆ ಎದ್ದು ನಿಂತು, ಕೈ ಹಿಂದೆ ಕಟ್ಟಿಕೊಂಡು, ಮೋಡ ನೋಡುವುದು.

ಇಷ್ಟೆಲ್ಲ ಪಾಡು ಫಲಕದ ಮಾನಕ್ಕಾಗಿಯೇ ಎಂದರೆ ಅರ್ಧ ಮಾತಾಯಿತು. ಉಳಿದರ್ಧ ಅವನ ಕೈಗಳದ್ದು. ಅವು ಸುಮ್ಮನಿರುವ ಜಾತಿಯವಲ್ಲ. ಈ ಕೆಲಸ ಸಿಗುವ ಮುಂಚೆ ನಾಲ್ಕು ತಿಂಗಳು ಮನೆಯಲ್ಲಿ ಕೂತಿದ್ದಾಗ, ಚೆನ್ನಾಗಿ ಓಡುತ್ತಿದ್ದ ಗಡಿಯಾರ ಬಿಚ್ಚಿ ಜೋಡಿಸಿ, ಮಿಕ್ಕಿದ ಎರಡು ಚಕ್ರಗಳನ್ನು ಲೋಟದಲ್ಲಿ ಹಾಕಿಟ್ಟಿದ್ದ. ಅಡುಗೆಮನೆಯ ಡಬ್ಬಿಗಳನ್ನು ಮೊದಲು ಎತ್ತರದ ಪ್ರಕಾರ, ಆಮೇಲೆ ಬಣ್ಣದ ಪ್ರಕಾರ, ಕೊನೆಗೆ ಅವನಿಗಷ್ಟೇ ಗೊತ್ತಿದ್ದ ಯಾವುದೋ ತತ್ವದ ಪ್ರಕಾರ ಜೋಡಿಸಿದ್ದ. ಹೆಂಡತಿ ಮಲಗಿ ಎದ್ದರೆ ಮಂಚದ ದಿಕ್ಕು ಬದಲಾಗಿರುತ್ತಿತ್ತು. ಬಾಗಿಲಿನ ಕಿರಿಕಿರಿ ನಿಲ್ಲಿಸುತ್ತೇನೆಂದು ಅವನು ಬಾಗಿಲನ್ನೇ ಕಳಚಿ ಅಂಗಳದಲ್ಲಿ ಮಲಗಿಸಿದ ದಿನ ಅವಳು ಹೇಳಿದ್ದಳು: “ರೀ, ನೀವು ಒಳ್ಳೆಯವರೇ. ಆದ್ರೆ ಇನ್ನೊಂದ್ಸಲ ಹೀಗೆ ನೀವು ಮನೇಲಿ ಕೂತ್ರೆ, ನಾನು ಅಕ್ಕನ ಮನೆಗೆ ಹೋಗ್ತೀನಿ. ಹೋದೋಳು ಬರಲ್ಲ.”

ಅವಳು ತಮಾಷೆಗೆ ಹಾಗೆಲ್ಲ ಹೇಳುವವಳಲ್ಲ.

ಅದಕ್ಕೇ ಆ ದಿನ ಬೆಳಿಗ್ಗೆ ಸಾಮಾನಿನ ಕೋಣೆಯ ಬಾಗಿಲಿಗೆ ಅಂಟಿಸಿದ್ದ ಕಾಗದ ಅವನು ಎರಡೆರಡು ಸಲ ಓದಿದ. ‘ಇಂದು ಸಂಜೆ ನಾಲ್ಕಕ್ಕೆ ಸಮಿತಿಯ ಭೇಟಿ. ಏಳು ಮಾದರಿ ತೋಟಗಳ ತಾತ್ಕಾಲಿಕ ಮಾಲಿಗಳ ಪೈಕಿ ಆರು ಮಂದಿಯನ್ನು ಖಾಯಂ ಮಾಡಲಾಗುವುದು.’ ಏಳರಲ್ಲಿ ಆರು ಕಳೆದರೆ ಉಳಿಯುವ ಒಬ್ಬನ ಮುಖ ಹೇಗಿರುತ್ತದೆ ಎಂದು ಊಹಿಸಿಕೊಂಡ. ಕನ್ನಡಿಯಲ್ಲಿ ನೋಡಿದ ಮುಖದ ಹಾಗೇ ಇತ್ತು.

“ಇವತ್ತು ತೋಟ ಮದುವೆಮನೆ ಹಾಗೆ ಇರ್ಬೇಕು. ನಾನು ಮಾತ್ರ ಮದುವೆಗೆ ಬಂದವನ ಹಾಗೆ ಇರ್ಬೇಕು,” ಎಂದು ತನಗೆ ತಾನೇ ಹೇಳಿಕೊಂಡು, ಹೆಂಡತಿಗೆ ಫೋನಿನಲ್ಲಿ ವಿಷಯ ತಿಳಿಸಿ ಕೆಲಸಕ್ಕಿಳಿದ. ಗುಡಿಸಿದ, ಕಿತ್ತ, ಕತ್ತರಿಸಿದ, ಕಟ್ಟಿದ. ಒಂಬತ್ತೂವರೆಯ ಹೊತ್ತಿಗೆ ಪೊದೆಯೊಂದರ ಬುಡದಲ್ಲಿ ಮಂಡಿಯೂರಿ ಮೂಗು ಮಣ್ಣಿಗೆ ತಾಗುವಂತಿದ್ದಾಗ ಹಿಂದಿನಿಂದ ಕೆಮ್ಮು ಕೇಳಿಸಿತು.

ಚಿಟ್ಟೆ ತೋಟದ ಮೇಷ್ಟ್ರು. ಅವರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ದಿನಾ ಪುಸ್ತಕ ಹಿಡಿದು ಚಿಟ್ಟೆಗಳ ಹಾಜರಿ ತೆಗೆದುಕೊಳ್ಳುತ್ತಿದ್ದುದರಿಂದ ಬಂದ ಹೆಸರು.

“ಏನಯ್ಯ ಮಾಡ್ತಿದ್ದೀಯ?”

“ಏನಿಲ್ಲ ಮೇಷ್ಟ್ರೇ. ಲೇಸು ಬಿಚ್ಚೋಗಿತ್ತು, ಕಟ್ಕೊಳ್ತಿದ್ದೆ.”

ಮೇಷ್ಟ್ರು ಅವನ ಕಾಲು ನೋಡಿದರು. “ಚಪ್ಪಲಿಗೆ ಲೇಸು ಯಾವಾಗ ಬಂತಯ್ಯ?”

“ಹೊಸ ನಮೂನೆ,” ಎಂದ ಸೋಮಾರಿ ಮೋಡ ನೋಡುತ್ತಾ.

“ನಿನ್ನದು ಅದೃಷ್ಟ ಬಿಡು. ನಮಗೆ ಬೆಳಗಿಂದ ಪ್ರಾಣ ಹೋಗ್ತಿದೆ. ಹಾಜರಿ ತಗೊಳ್ಳೋಣ ಅಂದ್ರೆ ಹಾಳಾದವು ಒಂದು ಕಡೆ ಕೂರಲ್ಲ. ನಿನಗೆ ಹದಿನೈದು ನಿಮಿಷ, ಆಮೇಲೆ ಆಕಾಶ.” ಮೇಷ್ಟ್ರು ನಿಟ್ಟುಸಿರು ಬಿಟ್ಟು ಹೊರಟರು. ಸೋಮಾರಿಯ ಟೋಪಿಯೊಳಗಿದ್ದ ಕತ್ತರಿ ನೆತ್ತಿಗೆ ಚುಚ್ಚುತ್ತಿತ್ತು.

ಹನ್ನೊಂದಕ್ಕೆ ಚಹಾ. ಸಾಮಾನಿನ ಕೋಣೆಯ ಮುಂದೆ ಏಳು ಮಂದಿಯೂ ಸೇರುವುದು ರೂಢಿ. ಅಲ್ಲಿ ಮಾತಿನ ಯಜಮಾನಿಕೆ ಗುಲಾಬಿಯಕ್ಕನದು. ಗುಲಾಬಿ ತೋಟದಲ್ಲಿ ಹನ್ನೆರಡು ವರ್ಷ ದುಡಿದು ಆಕೆಯ ಮಾತಿಗೂ ಮುಳ್ಳು ಬಂದಿತ್ತು, ಕೆಲವೊಮ್ಮೆ ಪರಿಮಳವೂ.

“ಯಾರನ್ನ ಕಳಿಸ್ತಾರಂತೆ ಅಕ್ಕಾ?” ಎಂದು ಸೋಮಾರಿ ಕೇಳಿದ, ತನಗೇನೂ ಸಂಬಂಧವಿಲ್ಲದವನಂತೆ.

“ಗೊತ್ತಿಲ್ವೇನೋ? ನಿನ್ನನ್ನೇ.”

“ಯಾಕೆ? ನನ್ನ ತೋಟದಲ್ಲಿ ಏನು ಕಮ್ಮಿ ಇದೆ?”

“ಏನೂ ಕಮ್ಮಿ ಇಲ್ಲ ಕಣೋ, ಅದೇ ತೊಂದರೆ. ಬಂಗಾರದಂಥ ತೋಟ. ಆದ್ರೆ ವಾರಕ್ಕೆ ಹದಿನೈದು ನಿಮಿಷದ ಕೆಲಸಕ್ಕೆ ಒಬ್ಬ ಖಾಯಂ ಮನುಷ್ಯ ಯಾಕೆ? ಗೇಟಿನವನು ಮೂತ್ರಕ್ಕೆ ಹೋಗಿ ಬರೋವಾಗ ಮಾಡಿ ಮುಗಿಸ್ತಾನೆ.”

ಸೋಮಾರಿ ಲೋಟ ಕೆಳಗಿಟ್ಟ. ಮೂರು ವರ್ಷ ತಾನು ಬೆವರು ಸುರಿಸಿ ಕಟ್ಟಿದ್ದು ತನ್ನನ್ನೇ ಹೊರಗೆ ಹಾಕುವ ಗೋಡೆ ಎಂಬುದು ಅವನಿಗೆ ಆ ಗಳಿಗೆಯವರೆಗೆ ಹೊಳೆದಿರಲಿಲ್ಲ. ಅವನ ಕಣ್ಣೆದುರು ಹೆಂಡತಿಯ ಅಕ್ಕನ ಮನೆ, ಅದರ ಹಸಿರು ಬಾಗಿಲು, ಆ ಬಾಗಿಲು ಮುಚ್ಚಿಕೊಳ್ಳುವ ರೀತಿ ಎಲ್ಲ ಸುಳಿದುಹೋಯಿತು.

“ಅಕ್ಕಾ, ಕೆಲಸ ಹೋದ್ರೆ ಹೆಂಡತಿ ಬಿಟ್ಟು ಹೋಗ್ತಾಳೆ! ಆ ಫಲಕ ಸುಳ್ಳು. ನಾನು ದಿನಕ್ಕೆ ಹತ್ತು ಗಂಟೆ ದುಡೀತೀನಿ!”

ಆರು ಮಂದಿಯೂ ಒಟ್ಟಿಗೆ ನಕ್ಕ ರಭಸಕ್ಕೆ ಮರದ ಮೇಲಿನ ಹಕ್ಕಿಗಳು ಎದ್ದು ಹೋದವು.

“ನಿಜ ಹೇಳ್ತಿದ್ದೀನಿ. ಬೇಕಾದ್ರೆ ಕೈ ನೋಡಿ.” ಜಡ್ಡುಗಟ್ಟಿದ ಅಂಗೈ ಚಾಚಿದ.

ಗುಲಾಬಿಯಕ್ಕ ಅಂಗೈ ಹಿಡಿದು ಭವಿಷ್ಯ ಹೇಳುವವಳಂತೆ ನೋಡಿದಳು. “ಮನೇಲಿ ಹೆಂಡತಿ ಚೆನ್ನಾಗಿ ಪಾತ್ರೆ ತಿಕ್ಕಿಸ್ತಾಳೆ ಅಂತ ಕಾಣುತ್ತೆ.”

“ಲೇಸು ಕಟ್ಟಿ ಕಟ್ಟಿ ಆಗಿರ್ಬೇಕು,” ಎಂದರು ಮೇಷ್ಟ್ರು.

ಮೂರು ವರ್ಷ ಯಾರ ಕಣ್ಣಿಗೂ ಬೀಳದೆ ದುಡಿಯುವುದು ಕಷ್ಟವಾಗಿತ್ತು. ಈಗ ಐದು ತಾಸಿನೊಳಗೆ ಎಲ್ಲರ ಕಣ್ಣಿಗೂ ಬೀಳುವುದು ಅದಕ್ಕಿಂತ ಕಷ್ಟದ ಕೆಲಸವಾಯಿತು. ಸೋಮಾರಿ ಸಾಮಾನಿನ ಕೋಣೆಯಲ್ಲಿದ್ದ ಗುದ್ದಲಿ, ಹಾರೆ, ಕುಂಟೆ, ಬುಟ್ಟಿ, ಏಣಿ ಎಲ್ಲವನ್ನೂ ಹೊತ್ತು ತಂದು ಕಾಲುದಾರಿಯ ಮೇಲೆ ಸಂತೆಯಂತೆ ಹರಡಿದ. ಏಣಿ ಹಾಕಿ ಹತ್ತುವಷ್ಟು ಎತ್ತರದ ಗಿಡ ತೋಟದಲ್ಲಿ ಒಂದೂ ಇರಲಿಲ್ಲ. ಆದರೂ ದೂರದಿಂದ ಕಾಣಲಿ ಎಂದು ನಿಲ್ಲಿಸಿದ. ಆಮೇಲೆ ಅಂಗಿಯ ತೋಳು ಮಡಚಿ, ‘ಹುಂ! ಹಾಂ!’ ಎಂದು ದನಿ ಮಾಡುತ್ತಾ ಅಗೆಯತೊಡಗಿದ. ಬೆವರು ಹಣೆಯಿಂದ ಇಳಿದರೆ ಒರೆಸಿಕೊಳ್ಳಲಿಲ್ಲ. ಸಾಕ್ಷಿ ಒರೆಸುವುದು ಹೇಗೆ?

ಮಧ್ಯಾಹ್ನದ ಹೊತ್ತಿಗೆ ಒಬ್ಬ ಗೃಹಸ್ಥ ಬಂದ. ಇಸ್ತ್ರಿ ಅಂಗಿ, ದೊಡ್ಡ ಕೈಗಡಿಯಾರ. ಫಲಕ ಓದಿದ. ಸೋಮಾರಿಯನ್ನು ನೋಡಿದ. ಗಡಿಯಾರ ನೋಡಿದ. ಅಲ್ಲೇ ನಿಂತ. ಸೋಮಾರಿಗೆ ಹುರುಪು ಬಂದು ಎರಡರಷ್ಟು ಅಗೆದ.

“ರೀ,” ಎಂದ ಆತ ಬಹಳ ಹೊತ್ತಿನ ಮೇಲೆ. “ನಲವತ್ತು ನಿಮಿಷ ಆಯ್ತು.”

“ಹೌದು ಸರ್! ಇನ್ನೂ ಅರ್ಧ ಆಗಿಲ್ಲ!”

“ಹದಿನೈದು ನಿಮಿಷ ಸಾಕು ಅಂತ ಬರೆದಿದ್ದೀರಿ. ಇದನ್ನ ನಂಬಿ ನಾನು ಮನೆಯಂಗಳದ ಕಲ್ಲೆಲ್ಲ ಕೀಳಿಸಿದ್ದೀನಿ. ನರ್ಸರಿಯಲ್ಲಿ ಗಿಡಕ್ಕೆ ಹೇಳಿ ಬಂದಿದ್ದೀನಿ. ಇದು ಮೋಸ ಅಲ್ವಾ?”

“ಮೋಸವೇ ಸರ್. ಜೋರಾಗಿ ಹೇಳಿ.”

ಗೃಹಸ್ಥ ಕಚೇರಿಗೆ ಹೋಗಿ ಜೋರಾಗಿಯೇ ಹೇಳಿದ. ಮೂರು ನಿಮಿಷದಲ್ಲಿ ಮ್ಯಾನೇಜರು ಓಡುತ್ತಾ ಬಂದರು. ಅವರದು ಸಣ್ಣ ಕಾಲು, ದೊಡ್ಡ ಹೊಟ್ಟೆ. ಓಡಿ ಬಂದರೆ ಹೊಟ್ಟೆ ಮೊದಲು ತಲುಪಿ ಉಳಿದ ಮೈಗಾಗಿ ಕಾಯುತ್ತಿತ್ತು.

“ಏನಯ್ಯ ಇದು? ಮೂರು ವರ್ಷ ತಣ್ಣಗಿದ್ದವನಿಗೆ ಇವತ್ತೇನು ಬಂತು? ಕೆಳಗಿಡು ಗುದ್ದಲಿ!”

“ಸರ್, ನಾನು ದಿನಾ ಹೀಗೇ...”

“ಸುಳ್ಳು ಹೇಳ್ಬೇಡ. ದಿನಾ ನಾನು ಬರೋವಾಗ ನೀನು ಮೋಡ ನೋಡ್ತಿರ್ತೀಯ. ನಾನೇ ಎಷ್ಟು ಜನರಿಗೆ ತೋರಿಸಿದ್ದೀನಿ, ನೋಡಿ, ನಮ್ಮ ಮಾಲಿ ಎಷ್ಟು ಆರಾಮಾಗಿದ್ದಾನೆ ಅಂತ! ಇನ್ನು ಸಮಿತಿ ಬಂದು ಹೋಗೋವರೆಗೆ ನಿನ್ನ ಕೈ ಜೇಬಿನಿಂದ ಹೊರಗೆ ಬರಬಾರದು.” ಸಾಮಾನನ್ನೆಲ್ಲ ಕೈಗಾಡಿಗೆ ತುಂಬಿಸಿ, ಏಣಿಯನ್ನು ಹೆಗಲ ಮೇಲಿಟ್ಟುಕೊಂಡು ಹೊರಟರು. ತಿರುಗಿದಾಗ ಏಣಿಯ ತುದಿ ಗುಲಾಬಿಯಕ್ಕನ ಅತ್ಯುತ್ತಮ ಗಿಡದ ಅತ್ಯುತ್ತಮ ಹೂವನ್ನು ನೆಲಕ್ಕುರುಳಿಸಿತು.

“ಅಯ್ಯೋ! ಸಮಿತಿಗೆ ಅಂತ ಇಟ್ಟಿದ್ದ ಹೂವು!” ಆಕೆಯ ಕೂಗು ಪರಿಮಳದ ತೋಟದ ಆಚೆಗೂ ಕೇಳಿಸಿತು. “ಸೋಮಾರಿ, ಇದೆಲ್ಲ ನಿನ್ನಿಂದ! ನೀನು ಸುಮ್ನೆ ಸೋಮಾರಿಯಾಗಿ ಇದ್ದಿದ್ರೆ ಆಗ್ತಿರಲಿಲ್ವೇನೋ?”

ಸಾಮಾನು ಹೋದರೂ ಪೈಪು ಉಳಿದಿತ್ತು. ತರಗೆಲೆಯ ಕೆಳಗಿದ್ದುದರಿಂದ ಮ್ಯಾನೇಜರರ ಕಣ್ಣಿಗೆ ಬಿದ್ದಿರಲಿಲ್ಲ. ಸಮಿತಿ ಬರುವ ಹೊತ್ತಿಗೆ ಸರಿಯಾಗಿ ನೀರು ಹಾಯಿಸುತ್ತಾ ನಿಲ್ಲುವುದು ಎಂದು ಸೋಮಾರಿ ತೀರ್ಮಾನಿಸಿದ. ಅದರ ನಲ್ಲಿ ಇದ್ದದ್ದು ಗುಲಾಬಿ ತೋಟದ ಅಂಚಿನಲ್ಲಿ. ಪೈಪು ಎಲ್ಲೋ ಸಿಕ್ಕಿಕೊಂಡಿತ್ತು. ಎಳೆದ. ಬರಲಿಲ್ಲ. ಅಂದು ಬೆಳಗಿನಿಂದ ಕೂಡಿಟ್ಟ ಸಂಕಟವನ್ನೆಲ್ಲ ರಟ್ಟೆಗೆ ತಂದುಕೊಂಡು ಇನ್ನೊಮ್ಮೆ ಎಳೆದ. ಪೈಪು ಬಂತು; ಜೊತೆಗೆ ನಲ್ಲಿಯೂ ಬಂತು.

ನೀರು ಮರದೆತ್ತರಕ್ಕೆ ಚಿಮ್ಮಿತು. “ಹಿಡಿಯೋ! ಮುಚ್ಚೋ!” ಎನ್ನುತ್ತಾ ಓಡಿ ಬಂದ ಗುಲಾಬಿಯಕ್ಕ ಕೆಸರಿನಲ್ಲಿ ಜಾರಿ, ಪಾತಿಯ ನಡುವೆ ಸಿಂಹಾಸನ ಏರಿದವಳಂತೆ ಕುಳಿತುಬಿಟ್ಟಳು. ಆಕೆಯನ್ನು ಎತ್ತಲು ಹೋದ ಮೇಷ್ಟ್ರು ಆಕೆಯ ಪಕ್ಕದಲ್ಲೇ ಕುಳಿತರು. ಹಾಜರಿ ಪುಸ್ತಕ ತೇಲುತ್ತಾ ನೆರಳಿನ ತೋಟದ ಕಡೆ ಹೋಯಿತು. ಸೋಮಾರಿ ಎರಡೂ ಅಂಗೈಯಿಂದ ಕೊಳವೆಯ ಬಾಯಿ ಒತ್ತಿ ಹಿಡಿದ. ನೀರು ಬೆರಳ ಸಂದಿಯಿಂದ ಬೀಸಣಿಗೆಯಂತೆ ಹರಡಿ ನಾಲ್ಕು ದಿಕ್ಕಿಗೂ ಸಮನಾಗಿ ಬಿತ್ತು.

ನಾಲ್ಕಕ್ಕೆ ಬರಬೇಕಿದ್ದ ಸಮಿತಿ ಮೂರೂಕಾಲಿಗೇ ಬಂದು ಅಲ್ಲಿ ನಿಂತಿತ್ತು.

ಮುಂದೆ ಅಧ್ಯಕ್ಷೆ. ಎಂಬತ್ತರ ಮುದುಕಿ, ಕೈಯಲ್ಲಿ ಕೋಲು, ಬೆನ್ನು ಕೋಲಿಗಿಂತ ನೇರ. ಹಿಂದೆ ಸದಸ್ಯರ ನಾಲ್ಕು ಕೊಡೆಗಳು. ಕೊಡೆಗಳ ಹಿಂದೆ ಬಿಳಿಚಿಕೊಂಡ ಮ್ಯಾನೇಜರು, ಅವರ ಬೆನ್ನಿಗೆ ಕೈಗಡಿಯಾರದ ಗೃಹಸ್ಥ. ಯಾರೋ ಹೋಗಿ ದೊಡ್ಡ ಕೊಳವೆ ಬಂದ್ ಮಾಡಿದರು. ನೀರು ನಿಂತಿತು.

“ಏನಿದು?” ಎಂದಳು ಮುದುಕಿ.

ತಲೆಯಿಂದ ಕಾಲಿನವರೆಗೆ ಕೆಸರಾಗಿದ್ದ ಸೋಮಾರಿಗೆ ಇನ್ನು ಕಳೆದುಕೊಳ್ಳುವುದೇನೂ ಉಳಿದಂತೆ ಕಾಣಲಿಲ್ಲ. “ಕೆಲಸ ಅಮ್ಮ,” ಎಂದ. “ದಿನಾ ಇದೇ. ಹತ್ತು ಗಂಟೆ. ಆ ಫಲಕ ಸುಳ್ಳು ಅಮ್ಮ. ಅದನ್ನ ಬರೆದವರು ಯಾರೋ, ಒಂದು ದಿನವೂ ಮಣ್ಣು ಮುಟ್ಟಿದವರಲ್ಲ.”

“ಬರೆದವಳು ನಾನು,” ಎಂದಳು ಮುದುಕಿ. “ಈ ತೋಟ ಹಾಕಿದವಳೂ ನಾನೇ.”

ಮ್ಯಾನೇಜರು ಮರಕ್ಕೆ ಒರಗಿಕೊಂಡರು.

“ಹೆದರ್ಬೇಡಪ್ಪ, ಹೇಳು. ಬೆಳಿಗ್ಗೆ ಬಂದ ಕೂಡ್ಲೆ ಏನು ಮಾಡ್ತೀಯ?”

“ತರಗೆಲೆ ಗುಡಿಸ್ತೀನಿ ಅಮ್ಮ. ಪೈಪಿನ ಮೇಲಿಂದು ಬಿಟ್ಟು ಒಂದೂ ಉಳಿಸಲ್ಲ.”

“ಆಮೇಲೆ?”

“ನೆಲ ಬರಿದಾಗಿ ಬೇಗ ಒಣಗುತ್ತೆ. ಅದಕ್ಕೆ ನೀರು ಹಾಕ್ತೀನಿ. ನೀರು ಬಿದ್ದ ಕಡೆ ಕಳೆ ಬರುತ್ತೆ, ಕೀಳ್ತೀನಿ. ಕಿತ್ತಾಗ ಮಣ್ಣು ಮಗುಚಿ ಒಳಗಿದ್ದ ಬೀಜ ಮೇಲೆ ಬಂದು ಮತ್ತೆ ಮೊಳೆಯುತ್ತೆ. ಮತ್ತೆ ಕೀಳ್ತೀನಿ.”

“ಗೊಬ್ಬರ?”

“ತಪ್ಪದೆ! ಹದಿನೈದು ದಿನಕ್ಕೊಂದ್ಸಲ. ಗಿಡ ಏಳುತ್ತೆ ನೋಡಿ, ತಡೆಯೋಕಾಗಲ್ಲ. ಎದ್ದದ್ದು ಭಾರಕ್ಕೆ ಬೀಳುತ್ತೆ, ಅದಕ್ಕೆ ಕೋಲು ಕಟ್ತೀನಿ. ಕಟ್ಟಿದ ಕಡೆ ಕೊಳೆಯುತ್ತೆ, ಅಲ್ಲಿ ಕತ್ತರಿಸ್ತೀನಿ. ಕತ್ತರಿಸಿದ ಕಡೆ ಎರಡರಷ್ಟು ಚಿಗುರುತ್ತೆ, ಅದಕ್ಕೆ...”

ಹೇಳುತ್ತಾ ಹೇಳುತ್ತಾ ಅವನ ದನಿ ತಗ್ಗಿತು. ತನ್ನ ಮಾತನ್ನು ತಾನೇ ಮೊದಲ ಸಲ ಕೇಳಿಸಿಕೊಳ್ಳುತ್ತಿದ್ದವನಂತೆ ಕಂಡ.

ಮುದುಕಿ ಫಲಕದ ಹಿಂಬದಿಗೆ ಹೋಗಿ ಕೋಲಿನಿಂದ ತೋರಿಸಿದಳು. ಫಲಕಕ್ಕೂ ಬೇಲಿಗೂ ನಡುವೆ ಮನುಷ್ಯನ ಮೈ ತೂರದ ಒಂದು ಮೂಲೆ. ಅಲ್ಲಿಗೆ ಸೋಮಾರಿಯ ಕೈ ಮೂರು ವರ್ಷದಲ್ಲಿ ಒಮ್ಮೆಯೂ ತಲುಪಿರಲಿಲ್ಲ. ತರಗೆಲೆ ಕಂಬಳಿಯಂತೆ ಹೊದ್ದು ಮಲಗಿತ್ತು. ಹುಲ್ಲಿನ ಒಂದು ಕಡ್ಡಿಯಿಲ್ಲ. ಗಿಡಗಳು ಯಾವ ಕೋಲಿನ ಹಂಗೂ ಇಲ್ಲದೆ ನೆಟ್ಟಗೆ ನಿಂತು, ತೋಟದ ಉಳಿದ ಭಾಗಕ್ಕಿಂತ ಎರಡರಷ್ಟು ಹೂ ಬಿಟ್ಟಿದ್ದವು.

“ಮೂರು ವರ್ಷದಿಂದ ಈ ತೋಟಕ್ಕೆ ಬಂದಿರೋ ಕಳೆ ಒಂದೇ,” ಎಂದಳು ಆಕೆ. “ಎರಡು ಕೈ, ಎರಡು ಕಾಲಿನದು.”

ಕೆಸರಿನಲ್ಲಿ ಕುಳಿತೇ ಇದ್ದ ಗುಲಾಬಿಯಕ್ಕ ನಗಲು ಬಾಯಿ ತೆರೆದವಳು, ಅವನ ಮುಖ ನೋಡಿ ಮುಚ್ಚಿಕೊಂಡಳು. “ಅಮ್ಮಾ,” ಎಂದಳು, “ಪೆದ್ದನಿರಬಹುದು. ಕಳ್ಳ ಅಲ್ಲ. ನಾವು ಇವನನ್ನ ಸೋಮಾರಿ ಅಂತ ಮೂರು ವರ್ಷ ಕರೆದಿದ್ದೀವಿ, ಒಂದು ದಿನ ಎದುರಾಡಿಲ್ಲ. ಅವನ ಹೆಂಡತಿ ಬಿಟ್ಟು ಹೋಗ್ತಾಳಂತೆ, ಕೆಲಸ ತೆಗೀಬೇಡಿ.”

“ತೆಗೆಯೋರು ಯಾರು?” ಎಂದಳು ಮುದುಕಿ. “ಏಳು ಜನವೂ ಖಾಯಂ. ಇವನು ಮೊದಲು.”

ಮೇಷ್ಟ್ರು ಚಪ್ಪಾಳೆ ತಟ್ಟಿ ಕೆಸರು ಸಿಡಿಸಿದರು. ಆದರೆ ಮುದುಕಿಯ ಮಾತು ಮುಗಿದಿರಲಿಲ್ಲ. ಆಕೆ ಕೈಗಡಿಯಾರದ ಗೃಹಸ್ಥನ ಕಡೆ ತಿರುಗಿದಳು.

“ಇವರು ಹೇಳಿದ್ದು ಸರಿ. ನಂಬೋದು ಹೇಗೆ? ಗುಲಾಬಿ ತೋಟದಲ್ಲಿ ಗುಲಾಬಿ ತೋರಿಸ್ತೀವಿ, ಚಿಟ್ಟೆ ತೋಟದಲ್ಲಿ ಚಿಟ್ಟೆ. ಈ ತೋಟದಲ್ಲಿ ಬೆಳೆಯೋದು ಬಿಡುವು. ಅದನ್ನ ಯಾವತ್ತಾದ್ರೂ ತೋರಿಸಿದ್ದೀವಾ? ಇನ್ನು ತೋರಿಸೋಣ.” ಮ್ಯಾನೇಜರರಿಗೆ ಕೋಲು ತೋರಿಸಿ, “ಕಚೇರಿಯಿಂದ ಒಂದು ಒರಗು ಕುರ್ಚಿ ತನ್ನಿ,” ಎಂದಳು.

ಕುರ್ಚಿ ಬಂತು. ತೋಟದ ನಟ್ಟನಡುವೆ ಇಟ್ಟರು.

“ಸೋಮವಾರ ಹದಿನೈದು ನಿಮಿಷ ಕೆಲಸ. ಉಳಿದ ಹೊತ್ತೆಲ್ಲ, ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ, ನೀನು ಇಲ್ಲಿ ಕೂತಿರ್ಬೇಕು. ಜನ ನಿನ್ನನ್ನ ನೋಡ್ಬೇಕು. ಕೈ ಮಡಿಲಲ್ಲಿ. ಒಂದು ಎಲೆ ಎತ್ತೋ ಹಾಗಿಲ್ಲ.”

“ಅಮ್ಮ, ಸ್ವಲ್ಪ ಅಂಚು ಕತ್ತರಿಸೋದು ಮಾತ್ರ...”

“ಇಲ್ಲ.”

“ಬೇರೆಯವರ ತೋಟದಲ್ಲಾದ್ರೂ?”

“ಅಲ್ಲೂ ಇಲ್ಲ. ಈ ಗುಲಾಬಿಯಮ್ಮನ ಕಣ್ಣು ನಿನ್ನ ಮೇಲಿರುತ್ತೆ.”

ಸಮಿತಿ ಹೊರಟಿತು. ಗೃಹಸ್ಥ ಕುರ್ಚಿಯಲ್ಲಿ ಕುಳಿತ ಸೋಮಾರಿಯನ್ನು ಸುತ್ತು ಹಾಕಿ ನೋಡಿ, “ಏನು ಪುಣ್ಯ ಮಾಡಿದ್ರೋ ಮಹರಾಯ!” ಎಂದು ಕೈಮುಗಿದು, ತೃಪ್ತನಾಗಿ ಮನೆಗೆ ಹೋದ. ಹತ್ತು ನಿಮಿಷ ಕಳೆಯಿತು. ಸೋಮಾರಿಗೆ ಅದು ಹತ್ತು ವರ್ಷದಂತಿತ್ತು. ಎದುರಿನ ಪಾತಿಯಲ್ಲಿ ಒಂದು ಹುಲ್ಲುಕಡ್ಡಿ ಅವನನ್ನೇ ನೋಡುತ್ತಾ ತಲೆಯಾಡಿಸುತ್ತಿತ್ತು. ಬೆರಳುಗಳು ತಾವಾಗಿಯೇ ಕುರ್ಚಿಯ ತೋಳಿನ ತಿರುಪು ಹುಡುಕಿ, ಅರ್ಧ ಸುತ್ತು ತಿರುಗಿಸಿದ್ದವು.

“ಸೋಮಾರಿ! ಕೈ!” ಗುಲಾಬಿ ತೋಟದಿಂದ ಕೂಗು ಬಂತು.

ಜೇಬಿನಲ್ಲಿ ಫೋನು ಬಡಿದುಕೊಂಡಿತು. “ಮಾತಾಡೋದು ಕೆಲಸ ಅಲ್ಲ, ಎತ್ಕೋ,” ಎಂದಳು ಗುಲಾಬಿಯಕ್ಕ ದೊಡ್ಡ ಮನಸ್ಸು ಮಾಡಿ.

ಹೆಂಡತಿ. “ಏನಾಯ್ತು ರೀ? ಜೀವ ಬಾಯಿಗೆ ಬಂದಿದೆ.”

“ಖಾಯಂ ಆಯ್ತು ಕಣೇ.”

“ಅಯ್ಯೋ, ಬದುಕಿಕೊಂಡೆ! ಇನ್ನು ಜೀವಮಾನವೆಲ್ಲ ಆ ತೋಟದಲ್ಲೇ ದುಡಿದು, ದಿನಾ ಸಂಜೆ ಸುಸ್ತಾಗಿ ಬಂದು, ಉಂಡು, ಬಿದ್ದು ಮಲಗ್ತೀರಿ ಅಲ್ವಾ? ನನಗೆ ಅಷ್ಟು ಸಾಕು ರೀ.”

“ಸುಸ್ತಾಗಲ್ಲ,” ಎಂದ ಅವನು ಮೆಲ್ಲಗೆ.

“ಅಂದ್ರೆ?”

“ಕೆಲಸ ಅಂದ್ರೆ... ಕೂತ್ಕೊಳ್ಳೋದು. ಒಂಬತ್ತರಿಂದ ಐದು. ಏನನ್ನೂ ಮುಟ್ಟೋ ಹಾಗಿಲ್ಲ.”

ಆ ಕಡೆ ಲೋಟವೊಂದು ನೆಲಕ್ಕೆ ಬಿತ್ತು.

“ಸಂಜೆ ಮನೆಗೆ ಬಂದ್ಮೇಲೆ?”

ಸೋಮಾರಿ ಮಡಿಲಲ್ಲಿದ್ದ ಕೈಗಳನ್ನು ನೋಡಿದ. ಅವು ಆಗಲೇ ಒಂದನ್ನೊಂದು ಹಿಸುಕಿಕೊಳ್ಳುತ್ತಿದ್ದವು. “ಸಂಜೆ ಬಿಡುವಾಗಿಯೇ ಇರ್ತೀನಿ ಕಣೇ,” ಎಂದ. “ಬೆಳಗಿನವರೆಗೂ.”

ಫೋನಿನಲ್ಲಿ ಮಂಚದ ಕೆಳಗಿನಿಂದ ಟ್ರಂಕು ಎಳೆಯುವ ಸದ್ದು ಸ್ಪಷ್ಟವಾಗಿ ಕೇಳಿಸಿತು.